ಪದ್ಮಾ ಕಾಕುವಿನ ಪ್ರದಕ್ಷಿಣೆ

ಯಾವ ಬೋರ್ಡನ್ನೂ ಪದ್ಮಾ ಕಾಕು ಒಂದೇ ಸಲಕ್ಕೆ ಒಪ್ಪಿಕೊಂಡವರಲ್ಲ. ಬೋರ್ಡು ಕಂಡರೆ ಸಾಕು, ನಿಂತು ಪೂರ್ತಿ ಓದುವರು. ಓದಿ ಮುಗಿಸಿ, ಕನ್ನಡಕ ಹಣೆಗೇರಿಸಿ, ಪಕ್ಕದಲ್ಲಿದ್ದವರನ್ನು ಕೇಳುವರು: “ಇದನ್ನ ಯಾರು ಬರದಾರ? ಅವರನ್ನ ಕರೀರಿ, ಸ್ವಲ್ಪ ಮಾತಾಡೂಣು.” ಹುಲ್ಲಿನ ಮೇಲೆ ನಡೆಯಬೇಡಿ ಅನ್ನುವ ಬೋರ್ಡಾಗಲಿ, ಹತ್ತಕ್ಕಿಂತ ಹೆಚ್ಚು ಸಾಮಾನಿದ್ದವರು ಈ ಸಾಲಿಗೆ ಬರಬೇಡಿ ಅನ್ನುವ ಗ್ರೋಸರಿ ಅಂಗಡಿಯ ಬೋರ್ಡಾಗಲಿ, ಎಲ್ಲದಕ್ಕೂ ಅದೇ ಪ್ರಶ್ನೆ. ಹನ್ನೆರಡು ಬಾಳೆಹಣ್ಣು ಅಂದರೆ ಹನ್ನೆರಡು ಸಾಮಾನೋ ಒಂದು ಸಾಮಾನೋ ಅಂತ ಅವರು ಕ್ಯಾಷಿಯರ್ ಹುಡುಗಿಯ ಹತ್ತಿರ ಕಾಲು ಗಂಟೆ ವಾದ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಿಂದಿನ ಸಾಲು ಹನುಮಂತನ ಬಾಲವಾಗಿತ್ತು. ನಾನು ಇವರ ಪರಿಚಯವೇ ಇಲ್ಲದವಳ ಹಾಗೆ ಚಾಕೊಲೇಟಿನ ಕಪಾಟು ನೋಡುತ್ತ ನಿಂತಿದ್ದೆ.

ನಾನು ಬೆಂಗಳೂರಿನವಳು, ಹುಟ್ಟಾ ಪುಕ್ಕಲಿ. ಬೋರ್ಡು ಹೇಳಿದರೆ ಹೇಳಿತು, ನನ್ನದು ತಲೆ ಬಗ್ಗಿಸಿ ನಡೆಯುವ ಜಾತಿ. ಆಫೀಸಿನಲ್ಲೂ ಅಷ್ಟೆ. ಮೀಟಿಂಗಿನಲ್ಲಿ ನನ್ನ ಮಾತನ್ನು ಇನ್ನೊಬ್ಬ ತನ್ನದು ಅಂತ ಹೇಳಿಕೊಂಡರೂ ಉಗುಳು ನುಂಗಿಕೊಂಡು ಕೂರುತ್ತಿದ್ದೆ. ಇಂಥವಳು ಕಾಕುವಿನ ಕೈಗೆ ಸಿಕ್ಕಿದ್ದು ನನ್ನ ಪುಣ್ಯವೋ ಅವರ ಕರ್ಮವೋ ಗೊತ್ತಿಲ್ಲ.

ಕಾಕು ಧಾರವಾಡದವರು. ಸ್ಯಾನ್ ಹೋಸೆಯ ಬೆರ್ರಿಯೆಸಾದಲ್ಲಿ ತಮ್ಮ ಮನೆಯಲ್ಲೇ ಡೇಕೇರು ನಡೆಸುತ್ತಿದ್ದರು. ಅವರ ಕಡೆ ಚಿಕ್ಕಮ್ಮನನ್ನು ಕಾಕು ಅನ್ನುತ್ತಾರೆ. ಮಕ್ಕಳು ಕರೆದು ಕರೆದು ನಮಗೂ ಅವರು ಕಾಕುವೇ ಆದರು, ಅವರ ಗಂಡ ಶ್ರೀಪಾದರಾಯರು ಕಾಕಾ ಆದರು. ನನ್ನ ಮಗಳು ಇಳಾಳನ್ನು ಹನ್ನೊಂದು ತಿಂಗಳಿಗೆ ಅಲ್ಲಿ ಬಿಟ್ಟೆ. ಮೊದಲ ದಿನ ಅವಳು ಅಳಲಿಲ್ಲ, ಬಾಗಿಲಲ್ಲಿ ನಿಂತು ನಾನು ಅತ್ತೆ. ಕಾಕು ಇಳಾಳನ್ನು ಸೊಂಟಕ್ಕೇರಿಸಿಕೊಂಡು ನನ್ನನ್ನು ಒಂದು ಗಳಿಗೆ ನೋಡಿದರು. “ಮಕ್ಕಳ ಅಳು ನಾ ಸಂಭಾಳಸ್ತೀನಿ. ಅವ್ವಂದಿರ ಅಳು ನನ್ನ ಲೈಸೆನ್ಸಿನಾಗ ಬರಂಗಿಲ್ಲ. ಹೋಗು, ಆಫೀಸಿಗೆ ಹೋಗು” ಅಂತ ಬಾಗಿಲು ಹಾಕಿಯೇಬಿಟ್ಟರು. ಅವತ್ತು ರೆಡ್‌ವುಡ್ ಸಿಟಿ ತಲುಪುವ ತನಕ ಫ್ರೀವೇ ಉದ್ದಕ್ಕೂ ಅವರನ್ನು ಬೈದುಕೊಂಡೇ ಹೋದೆ.

ಆ ಬಾಗಿಲ ಮೇಲೂ ಒಂದು ಬೋರ್ಡಿತ್ತು: ಸಂಜೆ ಆರಕ್ಕೆ ಡೇಕೇರು ಮುಚ್ಚುತ್ತದೆ. ಎರಡನೇ ವಾರವೇ ನಾನು ಟ್ರಾಫಿಕ್ಕಿನಲ್ಲಿ ಸಿಕ್ಕಿ ಆರೂ ಮುಕ್ಕಾಲಿಗೆ ಏದುಸಿರು ಬಿಡುತ್ತ ಓಡಿ ಬಂದೆ. ಸಾರಿ ಕಾಕು, ಬೋರ್ಡು ನೋಡಿದ್ದೀನಿ, ಇನ್ನು ಮೇಲೆ ಹೀಗಾಗಲ್ಲ ಅಂತ ತೊದಲಿದೆ. “ಅದು ನಾನ ಬರದದ್ದು” ಅಂದರು. “ನನ್ನ ಮಾತ ನಾ ಕೇಳಬೇಕಂತ ಎಲ್ಲಿ ಬರದದ? ಒಳಗ ಬಾ. ರೊಟ್ಟಿ ಬಿಸಿ ಅದ, ತಿಂದ ಹೋಗು. ಮಾರಿ ನೋಡು, ಒಣಗಿದ ಬದನಿಕಾಯಿ ಆಗೇದ.” ಜೋಳದ ರೊಟ್ಟಿಯನ್ನು ಅಷ್ಟು ತೆಳ್ಳಗೆ ಬಡಿಯುವವರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆಮೇಲೆ ವಾರಕ್ಕೆರಡು ಸಲ ಲೇಟಾಗತೊಡಗಿದೆ. ಎಲ್ಲ ಟ್ರಾಫಿಕ್ಕಿನ ತಪ್ಪು ಅಂತ ಹೇಳಿದರೆ ಸುಳ್ಳಾಗುತ್ತದೆ.

ಇಳಾ ಮಾತು ಕಲಿತಳು. ಕಲಿತದ್ದು ನಮ್ಮ ಕನ್ನಡವಲ್ಲ. ಜಯನಗರದಿಂದ ವಿಡಿಯೋ ಕಾಲ್ ಮಾಡಿದ ನಮ್ಮಮ್ಮನಿಗೆ “ಅಜ್ಜಿ, ನಂಗ ಹಾಲ ಬ್ಯಾಡ್ರಿ, ಭಾಳ ಬಿಸಿ ಅದ” ಅಂದಾಗ ಅಮ್ಮನಿಗೆ ಫೋನು ಕೈಜಾರಿತು. ಈಗ ಹೈಸ್ಕೂಲಿನಲ್ಲಿದ್ದಾಳೆ. ನಾನು ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ. ಆದರೆ ಕಾಲಿಗೆ ಏನಾದರೂ ತಗುಲಿದರೆ ಮಾತ್ರ ಬಾಯಿಂದ “ಯವ್ವಾ!” ಅಂತಲೇ ಬರುತ್ತದೆ.

ಕಾಕು ಮಕ್ಕಳನ್ನು ಪಾರ್ಕಿಗೆ ಕರೆದುಕೊಂಡು ಹೋಗುವುದೇ ಒಂದು ನೋಟ. ಹಳೆಯ ಇಳಕಲ್ ಸೀರೆಯನ್ನು ಹುರಿ ಮಾಡಿ, ಗೇಣಿಗೊಂದು ಗಂಟು ಹಾಕಿ, ಒಂದೊಂದು ಗಂಟನ್ನು ಒಂದೊಂದು ಮಗು ಹಿಡಿದುಕೊಳ್ಳಬೇಕು. ಎಂಟು ಮಕ್ಕಳು, ಮುಂದೆ ಕಾಕು, ಹಿಂದೆ ರಿಟೈರಾದ ಕಾಕಾ. ಒಂದು ಸಲ ಪಾರ್ಕಿನಲ್ಲಿ ನಾಯಿ ಹಿಡಿದುಕೊಂಡು ಬಂದ ಒಬ್ಬ ಹೆಂಗಸು ತಡೆದು, ಗುಂಪುಗಳಿಗೆ ಪರ್ಮಿಟ್ ಬೇಕು, ಬೋರ್ಡು ನೋಡಿಲ್ಲವಾ ಅಂದಳಂತೆ. ಕಾಕು ಇಂಗ್ಲಿಷಿನಲ್ಲಿ, ಇದು ಗುಂಪಲ್ಲ, ನನ್ನ ಮೊಮ್ಮಕ್ಕಳು ಅಂದರಂತೆ. ಸಾಲಿನಲ್ಲಿ ಒಬ್ಬ ಚೀನಾದವರ ಹುಡುಗ, ಒಬ್ಬಳು ಮೆಕ್ಸಿಕೋದವರ ಹುಡುಗಿ, ಕೆಂಚು ಕೂದಲಿನ ಇನ್ನೊಂದು. ಎಲ್ಲರೂನಾ ಅಂತ ಆಕೆ ಕೇಳಿದ್ದಕ್ಕೆ, “ಎಲ್ಲಾರೂ. ನಿಂಗೇನಾರ ತ್ರಾಸ ಅದನು?” ಅಂತ ಕನ್ನಡದಲ್ಲೇ ಗದರಿ, ಸೀರೆ ಎಳೆದುಕೊಂಡು ಮುಂದೆ ನಡೆದರಂತೆ. ಕಾಕಾ ಇದನ್ನು ಹೇಳುವಾಗ ಪ್ರತಿ ಸಲವೂ ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು.

ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಯಾರಾದರೂ ಅದಕ್ಕೆ ಅಯ್ಯೋ ಪಾಪ ಅಂದರೆ ಕಾಕು ಅಂಥವರ ಮುಂದೆ ಕೈ ಚಾಚಿ ತೋರಿಸುವರು: “ಈ ಕೈಲೆ ನೂರಕ್ಕೂ ಮ್ಯಾಲ ಮಕ್ಕಳ ಮೂಗ ಒರಸೀನಿ. ಇನ್ನೂ ಎಷ್ಟ ಬೇಕ್ರಿ ನಿಮಗ?”

ಕಾಕಾ ಅವರಿಗೆ ತದ್ವಿರುದ್ಧ. ಮೆತ್ತನೆಯ ಮನುಷ್ಯ. ಕಾಕು ಯಾರ ಮೇಲೆ ಹೋದರೂ “ಬಿಡ ಪದ್ಮಾ, ಹೋಗಲಿ” ಅಂತ ಹಿಂದಿನಿಂದ ಅನ್ನುತ್ತಿದ್ದರು. ಆಕೆ ಬಿಟ್ಟಿದ್ದನ್ನು ನಾನಂತೂ ನೋಡಲಿಲ್ಲ. ಕಾಕಾ ಸ್ಟ್ರಕ್ಚರಲ್ ಇಂಜಿನಿಯರ್. ಇಲ್ಲಿಯ ಸೇತುವೆಗಳನ್ನು, ಹಳೆಯ ಕಟ್ಟಡಗಳನ್ನು ಭೂಕಂಪಕ್ಕೆ ಬೀಳದ ಹಾಗೆ ಬಿಗಿ ಮಾಡುವ ಕೆಲಸದಲ್ಲಿ ಜೀವನ ಕಳೆದವರು. ಡೇಕೇರಿಗೆ ಅಂತ ಸಜ್ಜು ಮಾಡಿದ್ದ ಗ್ಯಾರೇಜಿನ ಗೋಡೆಯ ಮೇಲೆ, ಎ ಬಿ ಸಿ ಡಿ ಚಾರ್ಟಿನ ಪಕ್ಕ, ಅವರು ಒಂದು ಆಳೆತ್ತರದ ಫೋಟೊ ಹಾಕಿದ್ದರು. ಫ್ರಾನ್ಸಿನ ಒಂದು ಊರಿನ ಕೆಥೆಡ್ರಲ್ಲು, ಎಂಟು ನೂರು ವರ್ಷ ಹಳೆಯದು. ಗೋಥಿಕ್ ಶೈಲಿಯದು ಅನ್ನುತ್ತಾರೆ, ಚೂಪು ಕಮಾನು, ಬಣ್ಣದ ಗಾಜು, ಆಕಾಶಕ್ಕೆ ಚಾಚಿದ ಗೋಡೆ. ಮಕ್ಕಳ ಜೊತೆ ನೆಲದ ಮೇಲೆ ಕೂತು ಮರದ ಬಿಲ್ಲೆಗಳಲ್ಲಿ ಅದನ್ನೇ ಕಟ್ಟುತ್ತಿದ್ದರು. ಗೋಡೆ ಎತ್ತರವಾದಾಗ ವಾಲುತ್ತಿತ್ತು. ಆಗ ಹೊರಗಿನಿಂದ ಒಂದು ಓರೆ ತುಂಡು ಆನಿಸಿ ಮಕ್ಕಳಿಗೆ ಹೇಳುವರು: “ನೋಡ್ರಿ, ಗ್ವಾಡಿ ಹೊರಗ ಬೀಳತೀನಿ ಅಂತದ, ಈ ಕಮಾನು ಬೀಳಾಕ ಬಿಡಂಗಿಲ್ಲ ಅಂತದ. ಎಂಟನೂರ ವರ್ಷದಿಂದ ಇಬ್ಬರದೂ ಇದ ಜಗಳ. ಅದಕ್ಕ ನಿಂತದ.” ಒಳಗಿನಿಂದ ಕಾಕು, “ನನಗ ಕೇಳಸ್ಲಿಕ್ಕತ್ತದ!” ಅಂತ ಕೂಗುತ್ತಿದ್ದರು.

ಆ ಕಟ್ಟಡವನ್ನು ಕಾಕಾ ಕಣ್ಣಾರೆ ನೋಡಿರಲಿಲ್ಲ. ಡೇಕೇರಿಗೆ ರಜೆ ಕೊಟ್ಟರೆ ಅಪ್ಪ ಅಮ್ಮಂದಿರು ಎಲ್ಲಿಗೆ ಹೋಗಬೇಕು ಅಂತ ಇಬ್ಬರೂ ವರ್ಷಗಟ್ಟಲೆ ಮುಂದೂಡಿದರು. ಊರಿಗೆ ಹೋಗುವುದಿದ್ದರೂ ಒಬ್ಬರು ಹೋದರೆ ಇನ್ನೊಬ್ಬರು ಇಲ್ಲೇ.

ಇಳಾಗೆ ಹನ್ನೆರಡು ವರ್ಷವಿದ್ದಾಗ ಕಾಕಾಗೆ ಬೆನ್ನುನೋವು ಅಂತ ಶುರುವಾಗಿದ್ದು ಮೂಳೆಯ ಕ್ಯಾನ್ಸರ್ ಅಂತ ಆಯಿತು. ಮೊದಲ ಔಷಧಿ ಹಿಡಿಯಲಿಲ್ಲ. ಕಾಲಿನ ಶಕ್ತಿ ಹೋಗಿ ಗಾಲಿ ಕುರ್ಚಿ ಬಂತು. ಇನ್ನೊಂದು ಹೊಸ ಗುಳಿಗೆ ಇದೆ, ತೆಗೆದುಕೊಂಡರೆ ಕೆಲಸ ಮಾಡಬಹುದು, ಮಾಡದೆಯೂ ಇರಬಹುದು, ತ್ರಾಸು ಮಾತ್ರ ಗ್ಯಾರಂಟಿ ಅಂದರು ಡಾಕ್ಟರು. ಕಾಕಾ ಒಂದು ದಿನ ಯೋಚನೆ ಮಾಡಿ, ಸಾಕು, ಬೇಡ ಅಂದುಬಿಟ್ಟರು. ಡಾಕ್ಟರು ಮೃದುವಾಗಿ, ಹಾಗಿದ್ದರೆ ಇನ್ನು ಕೆಲವು ತಿಂಗಳಷ್ಟೆ, ನೋಡಬೇಕು ಅಂತ ಆಸೆಯಿರುವ ಜಾಗಗಳನ್ನು ಬೇಗ ನೋಡಿಕೊಂಡು ಬನ್ನಿ ಅಂದರು. ನಾನು ಪಕ್ಕದಲ್ಲೇ ಇದ್ದೆ. ಕಾಕು ಮೊದಲ ಸಲ ಏನೂ ಜವಾಬು ಕೊಡದೆ ಎದ್ದು ಬಂದರು. ಪಾರ್ಕಿಂಗಿನಲ್ಲಿ ಕಾರಿನ ಬಾಗಿಲು ಹಿಡಿದುಕೊಂಡು, “ಈ ಡಾಕ್ಟರಗ ಎಷ್ಟ ವಯಸ್ಸು? ಮೂವತ್ತೈದು? ಅಂವಗ ಏನ ಗೊತ್ತು?” ಅಂದರು.

ಕಾಕಾ ಮನೆಗೆ ಬಂದು ತಮ್ಮ ಪುಸ್ತಕಗಳನ್ನು ಹಂಚಲಿಕ್ಕೆ ಶುರು ಮಾಡಿದರು. ಇದು ಕಾಕುಗೆ ಕ್ಯಾನ್ಸರಿಗಿಂತ ಹೆಚ್ಚು ಸಿಟ್ಟು ತರಿಸಿತು. ಲಾಸ್ ಆಲ್ಟೋಸಿನಲ್ಲಿದ್ದ ಕಾಕಾನ ಹಳೆಯ ಸಹೋದ್ಯೋಗಿಯೊಬ್ಬರಿಗೆ ಸೇತುವೆಯ ಎರಡು ದಪ್ಪ ಪುಸ್ತಕ ಹೋಗಿತ್ತು. ಕಾಕು ನನ್ನನ್ನೂ ಕೂರಿಸಿಕೊಂಡು ಕಾರು ಓಡಿಸಿಕೊಂಡು ಹೋದರು. ಬಾಗಿಲು ತೆಗೆದ ಆ ಬಿಳಿ ಮುದುಕನಿಗೆ ನಮಸ್ಕಾರ ಹೇಳಿ, ಅವರು ಇನ್ನೂ ಓದುವುದಿದೆ, ಕೊಡಿ ಅಂತ ಕೈ ಚಾಚಿದರು. ಆತ ಕಕ್ಕಾಬಿಕ್ಕಿಯಾಗಿ ತಂದು ಕೊಟ್ಟ. ಹೀಗೆ ಒಂದೇ ವಾರದಲ್ಲಿ ಎಲ್ಲ ಪುಸ್ತಕವೂ ಕಪಾಟಿಗೆ ವಾಪಸು. ಕಾಕಾ ಮಾತ್ರ ಗುಳಿಗೆಯ ವಿಷಯ ತೆಗೆದರೆ ಗೋಡೆ ಕಡೆ ಮುಖ ತಿರುಗಿಸುತ್ತಿದ್ದರು. ಜಪ್ಪಯ್ಯ ಅಂದರೂ ಹೂಂ ಅನ್ನಲಿಲ್ಲ. ಅಷ್ಟು ವರ್ಷ ಎಲ್ಲದಕ್ಕೂ ಬಿಡು ಅಂದ ಮನುಷ್ಯ ಈಗ ತನ್ನನ್ನೇ ಬಿಟ್ಟುಕೊಟ್ಟಿದ್ದರು.

“ಫ್ರಾನ್ಸಿಗೆ ಹೋಗೂಣು” ಅಂತ ಕಾಕು ಒಂದು ದಿನ ನನಗೆ ಫೋನು ಮಾಡಿದರು. “ಡಾಕ್ಟರ ಹೇಳಿದ್ನಂತ ಅಲ್ಲ. ಕಡೀ ಸಲಾ ಅಂತ ಯಾರಾರ ಬಾಯಿ ಬಿಟ್ರ ಹಲ್ಲ ಉದರಸ್ತೀನಿ. ನೀ ಬರತಿಯೋ ಇಲ್ಲೋ?” ಗಾಲಿ ಕುರ್ಚಿ, ಏರ್‌ಪೋರ್ಟು, ರೈಲು, ಎಲ್ಲ ಒಬ್ಬರಿಂದ ಆಗುವ ಮಾತಲ್ಲ. ನನ್ನ ಮಗಳನ್ನು ಬೆಳೆಸಿದವರು ಕರೆದರೆ ಇಲ್ಲ ಅನ್ನುವುದು ಹೇಗೆ? ಇಳಾಳನ್ನು ಅವರಪ್ಪನ ಹತ್ತಿರ ಬಿಟ್ಟು, ಒಂದು ವಾರ ರಜೆ ಹಾಕಿ ಹೊರಟೆ.

ಪ್ಯಾರಿಸ್ಸಿನಿಂದ ಒಂದು ಗಂಟೆಯ ರೈಲು. ಸ್ಟೇಷನ್ನಿನಿಂದಲೇ ಕಾಣಿಸುತ್ತದೆ, ಊರಿನ ಮನೆಗಳೆಲ್ಲ ಅದರ ಕಾಲ ಬುಡದಲ್ಲಿ. ಕಾಕಾ ಕುತ್ತಿಗೆ ಹಿಂದಕ್ಕೆ ಬಾಗಿಸಿ ಅದನ್ನೇ ನೋಡುತ್ತ ಬಂದರು. ಕಾಕು ಬಾಗಿಲ ಹತ್ತಿರ ಬಂದು ಶೂ ಕಳಚಿ, ಚೀಲಕ್ಕೆ ಹಾಕಿ, ಗಾಲಿ ಕುರ್ಚಿಯ ಹಿಂದೆ ನೇತುಹಾಕಿದರು. ಕಾಲು ತಣ್ಣಗಾಗುತ್ತೆ ಅಂದೆ. “ದೇವರು ಯಾರ ಮನ್ಯಾಗಿದ್ರೂ ದೇವರ” ಅಂದರು. ಸೀರೆ, ಮೇಲೆ ಸ್ವೆಟರು, ಕಾಲಿಗೆ ಬರೀ ಕಾಲುಚೀಲ. ಒಳಗೆ ನಮ್ಮ ಹಳೆಯ ಕಲ್ಲಿನ ಗುಡಿಗಳಲ್ಲಿರುವಂಥದೇ ತಂಪು, ಮೇಣದ ಬತ್ತಿಯ ವಾಸನೆ. ಗಾಜಿನ ಕಿಟಕಿಗಳ ಬಣ್ಣ ನೆಲದ ಮೇಲೆ ಬಿದ್ದಿತ್ತು. ಕಾಕುವಿನ ಬಿಳಿ ಕೂದಲು ಒಂದು ಹೆಜ್ಜೆಗೆ ನೀಲಿ, ಇನ್ನೊಂದು ಹೆಜ್ಜೆಗೆ ಕೆಂಪು.

“ಇಲ್ಲೂ ಗರ್ಭಗುಡಿ ಸುತ್ತ ಹಾದಿ ಅದ, ಪದ್ಮಾ” ಅಂದರು ಕಾಕಾ, ರೈಲು ಇಳಿದ ಮೇಲೆ ಆಡಿದ ಮೊದಲ ಮಾತು. “ನಮ್ಮಂಗನ ಸುತ್ತತಾರ.”

ಕಾಕು ಸಂತೋಷದಿಂದ ಕುರ್ಚಿ ತಿರುಗಿಸಿದರು. ಅಲ್ಲೊಂದು ಕಂಬದ ಬೋರ್ಡಿತ್ತು, ಅದರ ಮೇಲೊಂದು ಬಾಣ. ಬಂದವರೆಲ್ಲ ಬಾಣ ತೋರಿಸಿದ ಕಡೆ, ಅಂದರೆ ಪೂಜೆಯ ವೇದಿಕೆ ತಮ್ಮ ಎಡಗೈ ಕಡೆ ಬರುವ ಹಾಗೆ, ಸುತ್ತು ಹಾಕಿ ಆ ಕಡೆಯಿಂದ ಬರಬೇಕು. ಕಾಕು ಬೋರ್ಡು ನೋಡಿದರು. ಕನ್ನಡಕ ಹಣೆಗೆ ಹೋಯಿತು. ಶುರುವಾಯ್ತಪ್ಪಾ ಅಂದುಕೊಂಡೆ.

“ಇದು ಅಪ್ರದಕ್ಷಿಣಿ” ಅಂದರು.

ಕಾಕು, ಇದು ಚರ್ಚು, ಇವರಿಗೆ ಹಾಗೇನಿಲ್ಲ, ಜನಜಂಗುಳಿ ಆಗಬಾರದು ಅಂತ ಹಾಕಿರ್ತಾರೆ ಅಷ್ಟೆ ಅಂದೆ.

“ಇವರಿಗಿಲ್ಲ, ನಮಗದ. ಎಡಗೈ ಕಡೆ ಇಟಗೊಂಡ ಸುತ್ತೂದು ಹೆಣಾನ್ನ. ನಾ ಜೀವಂತ ಗಂಡನ್ನ ಕೂಡಿಸಿಕೊಂಡ ಬಂದೀನಿ. ಹಂಗ ಸುತ್ತಂಗಿಲ್ಲ.” ಹೇಳಿದವರೇ ಕುರ್ಚಿಯನ್ನು ಬಾಣಕ್ಕೆ ಎದುರಾಗಿ ನೂಕಿದರು.

ಹತ್ತು ಹೆಜ್ಜೆ ಹೋಗಿರಲಿಲ್ಲ, ಒಬ್ಬ ಕಾವಲುಗಾರ ಅಡ್ಡ ಬಂದ. ಸಣ್ಣಗೆ ಉದ್ದಕ್ಕಿದ್ದ, ಬಿಳಿ ಮೀಸೆಯ ಮುದುಕ, ಎದೆಗೆ ವಾಕಿಟಾಕಿ. ಫ್ರೆಂಚಿನಲ್ಲಿ ಏನೋ ಹೇಳಿ ಬಾಣ ತೋರಿಸಿದ. ಕಾಕು ಧಾರವಾಡದ ಕನ್ನಡದಲ್ಲಿ ಉತ್ತರ ಕೊಟ್ಟರು. ಅವನು ಇನ್ನೊಂದಿಷ್ಟು ಹೇಳಿದ, ಇವರು ಇನ್ನೊಂದಿಷ್ಟು ಹೇಳಿದರು. ಒಬ್ಬರದು ಒಬ್ಬರಿಗೆ ಒಂದಕ್ಷರ ತಿಳಿಯದೆ ಇಬ್ಬರೂ ಐದು ನಿಮಿಷ ಸೊಗಸಾಗಿ ಜಗಳವಾಡಿದರು. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅಂತ ನಮ್ಮಜ್ಜಿ ಹೇಳುತ್ತಿದ್ದುದು ನೆನಪಾಗಿ ನನಗೆ ನಾಚಿಕೆಯಿಂದ ಬೆವರು ಬಂತು. ಎದುರಿಂದ ಬರುತ್ತಿದ್ದ ಜನ ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು. ಕಾಕಾ ಕುರ್ಚಿಯಲ್ಲೇ ಮುದುಡಿಕೊಂಡು, “ಬಿಡ ಪದ್ಮಾ. ಯಾವ ಕಡೆ ಹೋದ್ರೇನು, ನಂದು ಹೆಂಗೂ ಮುಗದದ” ಅಂದರು.

ಕಾಕು ಕುರ್ಚಿಯ ಹಿಂದಿನಿಂದ ಮುಂದಕ್ಕೆ ಬಂದರು. ಗಂಡನ ಎದುರು ಬಗ್ಗಿ ನಿಂತರು. “ಏನಂದ್ರಿ? ಇನ್ನೊಮ್ಮೆ ಅನ್ರಿ.”

ಕಾಕಾ ಗಾಜಿನ ಬಣ್ಣ ಬಿದ್ದಿದ್ದ ನೆಲದ ಕಡೆ ಕಣ್ಣು ತಿರುಗಿಸಿದರು.

“ನಲವತ್ತೆಂಟ ವರ್ಷ ನೀವ ಬಿಡ ಅಂದಾಗೆಲ್ಲಾ ನಾ ಬಿಟ್ಟೀನೇನು? ಇವತ್ತ ಬಿಡ್ತೀನೇನು?” ಕಾಕುವಿನ ಕಣ್ಣು ತುಂಬಿತ್ತು, ಆದರೆ ಧ್ವನಿ ಆ ಕಮಾನಿನ ಕೆಳಗೆ ಗಂಟೆಯ ಹಾಗೆ ಮೊಳಗಿತು. ಪ್ರಾರ್ಥನೆ ಮಾಡುತ್ತ ಕೂತಿದ್ದ ಇಬ್ಬರು ತಿರುಗಿ ನೋಡಿದರು.

ನಾನು ಫೋನಿನಲ್ಲಿ ಇಂಗ್ಲಿಷಿನಲ್ಲಿ ಟೈಪು ಮಾಡಿ ಅದನ್ನು ಫ್ರೆಂಚಿಗೆ ತಿರುಗಿಸಿ ಕಾವಲುಗಾರನ ಮುಂದೆ ಹಿಡಿದೆ. ನಮ್ಮಲ್ಲಿ ಸತ್ತವರನ್ನು ಮಾತ್ರ ಈ ದಿಕ್ಕಿನಲ್ಲಿ ಸುತ್ತುತ್ತಾರೆ, ಇವರ ಗಂಡನಿಗೆ ಹುಷಾರಿಲ್ಲ ಅಂತ. ಅವನು ಎರಡು ಸಲ ಓದಿದ. ಕಾಕಾನನ್ನು ನೋಡಿದ. ಕಾಕಾ ಸಂಕೋಚದಿಂದ ಕೈ ಮುಗಿದರು. ಅವನು ವಾಕಿಟಾಕಿಯಲ್ಲಿ ಯಾರ ಹತ್ತಿರವೋ ಮಾತಾಡಿ, ಮುಖ ಸಣ್ಣಗೆ ಮಾಡಿಕೊಂಡು ತಲೆಯಾಡಿಸಿದ. ಆಗುವುದಿಲ್ಲ. ದೊಡ್ಡ ಗುಂಪು ಬರುವುದಿದೆ ಅಂತ ಬೆರಳಲ್ಲೇ ತೋರಿಸಿದ.

ಸರಿ ಅಂದರು ಕಾಕು. ನಾನು ಉಸಿರು ಬಿಟ್ಟೆ. ಅವರು ಕುರ್ಚಿಯನ್ನು ಯಾರಿಗೂ ಅಡ್ಡವಾಗದ ಹಾಗೆ ನಡುಮಂಟಪದ ದೊಡ್ಡ ಕಂಬದ ಪಕ್ಕಕ್ಕೆ ತಂದು ನಿಲ್ಲಿಸಿ, ಬ್ರೇಕು ಹಾಕಿ, ತಾವೊಂದು ಹುಲ್ಲಿನ ಹೆಣಿಗೆಯ ಕುರ್ಚಿ ಎಳೆದುಕೊಂಡು ಕೂತರು. “ಬಾಗಲಾ ಹಾಕೂ ತನಕಾ ಕೂಡೂಣು. ನಮ್ಮ ರೈಲು ಆರಕ್ಕ ಅದ.” ಚೀಲದಿಂದ ಜಪಮಣಿ ತೆಗೆದರು.

ಆಗ ಹನ್ನೊಂದು ಗಂಟೆ. ನನ್ನ ಪರಿಸ್ಥಿತಿ ಯಾರಿಗೆ ಹೇಳುವುದು! ಗುಂಪಿನ ಮೇಲೆ ಗುಂಪು ಬಂತು, ಬಾಣ ತೋರಿಸಿದ ಕಡೆ ಹೋಯಿತು, ಸುತ್ತು ಮುಗಿಸಿ ಹತ್ತು ನಿಮಿಷಕ್ಕೆ ಹೊರಗೆ ಹೋಯಿತು. ನಾವು ಮಾತ್ರ ಅಲ್ಲೇ. ಮುಕ್ಕಾಲು ಗಂಟೆಯಾದ ಮೇಲೆ ನಾನು ಕಾಕಾನ ಮುಖ ನೋಡಿದೆ. ಅವರು ಕುರ್ಚಿಗೆ ತಲೆ ಆನಿಸಿ ಮೇಲೆ ನೋಡುತ್ತಿದ್ದರು. ನಾಲ್ಕು ಕಡೆಯ ಕಮಾನುಗಳು ಬಂದು ಕೂಡುವ ಜಾಗದ ಸರಿಯಾಗಿ ಕೆಳಗೆ ಇದ್ದೆವು. ಬೆರಳು ಗಾಳಿಯಲ್ಲಿ ಏನೋ ಗೀರುತ್ತಿತ್ತು.

“ವೀಣಾ, ಇಲ್ಲಿ ಬಾ. ಕಮಾನಿನ ಆ ಮೂರನೇ ಪಟ್ಟಿ ನೋಡು, ಸ್ವಲ್ಪ ಸೊಟ್ಟ ಅದ. ಕಟ್ಟುವಾಗ ಕಂಬಾ ಕುಸದದ. ಅವರು ಕೆಡವಲಿಲ್ಲ. ಪಕ್ಕದ ಕಲ್ಲ ದಪ್ಪ ಮಾಡಿ ಭಾರ ಆ ಕಡೆ ಕಳಿಸ್ಯಾರ! ನಮ್ಮ ಕಾಲದಾಗ ಕಂಪ್ಯೂಟರ ಇಟಗೊಂಡು ಮಾಡಿದ ಕೆಲಸಾ ಇವರು ಹಗ್ಗಾ ಹಿಡದ ಮಾಡ್ಯಾರ.” ಅವರ ಕೆನ್ನೆಗೆ ಬಣ್ಣ ಬಂದಿತ್ತು. ಆಮೇಲೆ ಒಂದೂಕಾಲು ಗಂಟೆ ನಿಲ್ಲಿಸಲೇ ಇಲ್ಲ. ಯಾವ ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ, ಎಲ್ಲಿ ಬಿರುಕಿದೆ, ಎಲ್ಲಿ ಹೊಲಿಗೆ ಹಾಕಿದ್ದಾರೆ ಎಲ್ಲ ಹೇಳಿದರು. ಹತ್ತು ನಿಮಿಷದ ಸುತ್ತಿನಲ್ಲಿ ಇದ್ಯಾವುದೂ ಅವರಿಗೆ ದಕ್ಕುತ್ತಿರಲಿಲ್ಲ. ಕಾಕು ಜಪ ಮಾಡುತ್ತಿದ್ದ ಹಾಗೇ ಕಾಣುತ್ತಿತ್ತು, ಆದರೆ ಮಣಿ ನಿಂತಲ್ಲೇ ನಿಂತಿತ್ತು, ಕಿವಿಯೆಲ್ಲ ಗಂಡನ ಕಡೆ.

ಒಂದು ಗಂಟೆಗೆ ಜನ ಊಟಕ್ಕೆ ಕರಗಿದರು. ಬಿಳಿ ಮೀಸೆಯ ಕಾವಲುಗಾರ ಎಲ್ಲಿಂದಲೋ ಬಂದ. ನಮ್ಮ ಕಡೆ ನೋಡಲಿಲ್ಲ. ಆ ಕಡೆ ಈ ಕಡೆ ಕಣ್ಣಾಡಿಸಿ, ಬಾಣದ ಬೋರ್ಡಿನ ಕಂಬ ಹಿಡಿದು, ಹಿಂದುಮುಂದಾಗಿ ತಿರುಗಿಸಿಟ್ಟ. ಕೈ ಹಿಂದೆ ಕಟ್ಟಿಕೊಂಡು, ಏನೂ ಆಗದವನ ಹಾಗೆ ಮೇಣದ ಬತ್ತಿಗಳ ಕಡೆ ಹೊರಟುಹೋದ.

ಕಾಕು ಎದ್ದರು. ಬ್ರೇಕು ಬಿಟ್ಟರು. ವೇದಿಕೆ ಬಲಗೈ ಕಡೆ ಇರುವ ಹಾಗೆ ಒಂದು, ಎರಡು, ಮೂರು ಸುತ್ತು. ಎರಡನೇ ಸುತ್ತಿಗೆ ಹಿಂತಿರುಗಿ ನೋಡುತ್ತೇನೆ, ಆಗಷ್ಟೇ ಒಳಗೆ ಬಂದ ಟೂರಿಸ್ಟರ ದೊಡ್ಡ ಗುಂಪೊಂದು ತಿರುಗಿಸಿಟ್ಟ ಬಾಣ ನೋಡಿಕೊಂಡು, ಬಾವುಟ ಹಿಡಿದ ಗೈಡಿನ ಸಮೇತ, ನಮ್ಮ ಹಿಂದೆ ಭಕ್ತಿಯಿಂದ ಪ್ರದಕ್ಷಿಣೆ ಬರುತ್ತಿದೆ. ನನಗೆ ನಗು ತಡೆಯಲಾಗಲಿಲ್ಲ. ಕಾಕಾನೂ ನಕ್ಕರು, ಪಾರ್ಕಿನ ಕಥೆ ಹೇಳುವಾಗ ನಗುತ್ತಿದ್ದರಲ್ಲ, ಹಾಗೆ. ಕಾಕು ಮಾತ್ರ ನಗಲಿಲ್ಲ. ಮೂರನೇ ಸುತ್ತು ಮುಗಿಸಿ, ನಿಂತು, ಕಣ್ಣು ಮುಚ್ಚಿ ಕೈ ಮುಗಿದರು. ಹೊರಗೆ ಬರುವಾಗ ಕಾವಲುಗಾರನ ಮುಂದೆ ನಿಂತು ಚೀಲದಿಂದ ಎರಡು ಶೇಂಗಾ ಉಂಡೆ ತೆಗೆದು ಅವನ ಅಂಗೈಯಲ್ಲಿಟ್ಟರು. “ತಿನ್ನಪ್ಪಾ. ಭಾಳ ಒಣಗೀದಿ.”

ವಾಪಸು ರೈಲಿನಲ್ಲಿ ಕಾಕಾ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಆಮೇಲೆ ಯಾರನ್ನೂ ನೋಡದೆ ಅಂದರು: “ಆ ಹೊಸಾ ಗುಳಿಗಿ ತಗೊಂಡ ನೋಡೂಣೇನು?”

“ನೋಡೂಣಲ್ಲ, ತಗೊಳ್ಳೂದು” ಅಂದರು ಕಾಕು, ಕಡ್ಡಿ ಮುರಿದ ಹಾಗೆ. ಹೇಳಿ ಸೆರಗಿನಿಂದ ಮುಖ ಮುಚ್ಚಿಕೊಂಡು, ಮುಂದಿನ ಸ್ಟೇಷನ್ನು ಬರುವ ತನಕ ಬಿಕ್ಕಿಬಿಕ್ಕಿ ಅತ್ತರು.

ಪ್ರದಕ್ಷಿಣೆಯಿಂದ ಹಾಗಾಯಿತು ಅಂತ ನಾನು ಹೇಳುವುದಿಲ್ಲ. ಗುಳಿಗೆ ಕೆಲಸ ಮಾಡಿತು, ಅಷ್ಟೆ. ಕಾಲು ಬರಲಿಲ್ಲ, ಆದರೆ ಜೀವ ನಿಂತಿತು. ತಿಂಗಳುಗಳ ಲೆಕ್ಕ ಹೇಳಿದ ಡಾಕ್ಟರಿಗೆ ಕಾಕು ಪ್ರತಿ ಯುಗಾದಿಗೆ ಹೋಳಿಗೆ ಕಳಿಸುತ್ತಿದ್ದರು. ಅದು ಪ್ರೀತಿಗೋ ಚುಚ್ಚುವುದಕ್ಕೋ ಅಂತ ಕೇಳಿದರೆ, “ಎರಡಕ್ಕೂ” ಅನ್ನುವರು. ಕಾಕಾ ಗ್ಯಾರೇಜಿನಲ್ಲಿ ಗಾಲಿ ಕುರ್ಚಿಯಿಂದಲೇ ಮಕ್ಕಳಿಗೆ ಬಿಲ್ಲೆ ಜೋಡಿಸಲಿಕ್ಕೆ ಹೇಳಿಕೊಡುತ್ತಿದ್ದರು. ನಾನೂ ಆಫೀಸಿನಲ್ಲಿ ಒಂದೆರಡು ಸಲ ಬಾಯಿ ಬಿಟ್ಟೆ. ಒಂದು ಮೀಟಿಂಗಿನಲ್ಲಿ, ಅದು ನಾನು ಹೇಳಿದ ಮಾತು ಅಂತ ಎಲ್ಲರೆದುರು ಅಂದುಬಿಟ್ಟೆ. ಸಂಜೆ ಹೋಗಿ ಹೇಳಿದರೆ ಕಾಕು, “ಇಷ್ಟ ಲಗೂನ? ಇನ್ನೊಂದ ಹತ್ತ ವರ್ಷ ತಡೀಬೇಕಿತ್ತು” ಅಂದರು.

ಈ ವರ್ಷದ ಆರಂಭದಲ್ಲಿ ಒಂದು ಮಂಗಳವಾರ ಮಧ್ಯಾಹ್ನ, ಮಕ್ಕಳನ್ನು ಮಲಗಿಸಿ, ತಾವೂ ಅವರ ನಡುವೆ ಅಡ್ಡಾದ ಕಾಕು ಏಳಲಿಲ್ಲ. ಕಾಕಾ ನನಗೆ ಫೋನು ಮಾಡಿ, “ವೀಣಾ, ನಾ ಎಬ್ಬಸ್ಲಿಕ್ಕತ್ತೀನಿ, ಆಕಿ ಏಳವಲ್ಲಳು” ಅಂದರು. ಅಷ್ಟೇ. ಹೃದಯ ಅಂದರು ಆಸ್ಪತ್ರೆಯವರು. ಕಾಕಾನನ್ನು ಕಾಯುತ್ತ ಕಾಯುತ್ತ ತಮ್ಮ ಎದೆಯ ಕಡೆ ಅವರು ಯಾವತ್ತಾದರೂ ನೋಡಿಕೊಂಡಿದ್ದರೋ ಇಲ್ಲವೋ. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಯಾರ ಮೇಲೆ ಅಂತ ಈಗಲೂ ತಿಳಿಯದು.

ಸ್ಯಾನ್ ಹೋಸೆಯ ಫ್ಯೂನರಲ್ ಹೋಮಿನಲ್ಲಿ ಕೂರಲು ಜಾಗವಿರಲಿಲ್ಲ. ಕಾಕು ಬೆಳೆಸಿದವರೆಲ್ಲ ಬಂದಿದ್ದರು, ಗಡ್ಡ ಬಂದವರು, ಕೆಲಸಕ್ಕೆ ಸೇರಿದವರು, ಕೈಗೂಸು ಎತ್ತಿಕೊಂಡವರು. ಕೆಂಚು ಕೂದಲಿನ ಹುಡುಗ ಆರಡಿ ಎತ್ತರ ಬೆಳೆದಿದ್ದ, ಗೋಡೆಗೆ ಮುಖ ಮಾಡಿ ಅಳುತ್ತಿದ್ದ. ಪುರೋಹಿತರು ಉಡುಪಿ ಕಡೆಯವರು, ಒಳ್ಳೆಯವರು. ಮಂತ್ರ ಮುಗಿಸಿ ನೀರಿನ ಮಡಕೆ ತೆಗೆದುಕೊಂಡು, “ರಾಯರಿಗೆ ನಡೆಯಲಿಕ್ಕೆ ಆಗುದಿಲ್ಲ ಅಲ್ವಾ, ಅವರ ಪರವಾಗಿ ಗಂಡಸರು ಯಾರಾದ್ರೂ ಮೂರು ಸುತ್ತು ಬಂದ್ರೆ ಸಾಕು” ಅಂದರು.

“ನಾನ ಬರತೀನಿ” ಅಂದರು ಕಾಕಾ. “ವೀಣಾ ತಳ್ಳತಾಳ.”

“ಹೆಂಗಸರು ಇದಕ್ಕೆ ಬರುದಿಲ್ಲ ರಾಯರೆ, ಪದ್ಧತಿ ಇಲ್ಲ…”

“ಇಕಿ ತಳ್ಳತಾಳ!” ಕಾಕಾ ಧ್ವನಿ ಏರಿಸಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. ಕುರ್ಚಿಯ ಕೈ ಹಿಡಿದಿದ್ದ ಅವರ ಬೆರಳು ಬಿಳಿಚಿಕೊಂಡಿದ್ದವು. “ಬ್ಯಾರೆ ಯಾರೂ ಈ ಕುರ್ಚಿ ಮುಟ್ಟಂಗಿಲ್ಲ. ಪದ್ಧತಿ ಇಲ್ಲಂದ್ರ ಇವತ್ತಿಂದ ಆಗಲಿ.” ಪುರೋಹಿತರು ಒಂದು ಕ್ಷಣ ಅವರನ್ನು ನೋಡಿ, ಆಯ್ತು ಅಂತ ತಲೆಯಾಡಿಸಿ, ಮಡಕೆಯನ್ನು ಕಾಕಾನ ಹೆಗಲ ಮೇಲಿಟ್ಟರು. ನಾನು ಹಿಂದೆ ಬಂದು ಹಿಡಿಕೆ ಹಿಡಿದೆ.

“ಅಪ್ರದಕ್ಷಿಣೆ” ಅಂದರು ಪುರೋಹಿತರು ಮೆಲ್ಲಗೆ. “ಅವರು ನಿಮ್ಮ ಎಡಗೈ ಬದಿಗೆ ಇರ್ಬೇಕು.”

ಕಾಕು ಹಸಿರು ಇಳಕಲ್ ಸೀರೆ ಉಟ್ಟು ಮಲಗಿದ್ದರು. ಕನ್ನಡಕ ಇರಲಿಲ್ಲ. ನನ್ನ ಕೈ ಮುಂದಕ್ಕೆ ಹೋಗಲಿಲ್ಲ. ಅಷ್ಟು ಜನ ಕಾಯುತ್ತಿದ್ದರು, ಕಾಕಾ ಕಾಯುತ್ತಿದ್ದರು. ಸುಳ್ಳು ಹೇಳುವುದಿಲ್ಲ, ನಾನು ನಿಜವಾಗಿಯೂ “ಹಂಗ ಸುತ್ತಂಗಿಲ್ಲ” ಅನ್ನುವ ಆ ಧ್ವನಿಗಾಗಿ ಕಾದೆ.

ಆಮೇಲೆ ತಳ್ಳಿದೆ. ಕಾಕು ನಮ್ಮ ಎಡಗಡೆ ಇದ್ದರು. ಮೂರು ಸುತ್ತು ಮುಗಿಯುವ ತನಕ ಒಬ್ಬರೂ ಬೇಡ ಅನ್ನಲಿಲ್ಲ.